ಟಿಕೆಟ್ ಇಲ್ಲದವರಿಗೂ ಜಾಗ ಇರುವ ಕಟ್ಟಡ: ನಾರ್ವೆಯ ಸ್ನೋಹೆಟ್ಟಾ ಕೆಲಸದ ಬಗ್ಗೆ ಮಾತಾಡೋಣ

ನಕ್ಷೆಗಾರ · ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಪ್ಪತ್ತು ವರ್ಷದಿಂದ ಮನೆಗಳಿಗೆ ನಕ್ಷೆ ಹಾಕುತ್ತಾ ಬಂದವನು ನಾನು. ಈಗ ಮೊದಲ ಸಲ ಸಾರ್ವಜನಿಕ ಕೆಲಸವೊಂದು ಕೈಗೆ ಬಂದಿದೆ. ನಮ್ಮ ತಾಲ್ಲೂಕಿನ ಗ್ರಂಥಾಲಯಕ್ಕೆ ಹೊಸ ಓದುವ ಕೋಣೆ, ಅದರ ಮುಂದೆ ಅರವತ್ತು ಅಡಿ ಅಗಲದ ಖಾಲಿ ಜಾಗ. ಕೋಣೆಯದು ಚಿಂತೆ ಇಲ್ಲ. ಮುಂದಿನ ಜಾಗ ಏನು ಮಾಡಲಿ ಅನ್ನೋದೇ ತಲೆಯಲ್ಲಿ ಸುತ್ತುತ್ತಿದೆ. ಕಾಂಪೌಂಡ್ ಹಾಕಿ ಗೇಟ್ ಇಡಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ನನಗೆ ಮನಸ್ಸಿಲ್ಲ.

ಅದಕ್ಕೇ ಒಂದು ತಿಂಗಳಿಂದ ಸ್ನೋಹೆಟ್ಟಾದವರ ಕಟ್ಟಡಗಳನ್ನು ಕೂತು ನೋಡುತ್ತಿದ್ದೇನೆ. ನಾರ್ವೆಯ ಆರ್ಕಿಟೆಕ್ಟ್ ಕಚೇರಿ, 1989ರಲ್ಲಿ ಶುರುವಾಗಿದ್ದು. ಓಸ್ಲೋದಲ್ಲಿ ದೋವ್ರೆಹಾಲೆನ್ ಅನ್ನೋ ಬಿಯರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಇವರ ಕೋಣೆ ಇತ್ತಂತೆ. ದೋವ್ರೆ ಅಂದರೆ ಅಲ್ಲಿನ ಒಂದು ಬೆಟ್ಟಸಾಲು. ಅದರಲ್ಲಿ ಎಲ್ಲಕ್ಕಿಂತ ಎತ್ತರದ ಬೆಟ್ಟ ಸ್ನೋಹೆಟ್ಟಾ, 2,286 ಮೀಟರ್. ಕೆಳಗೆ ದೋವ್ರೆ ಇದ್ದ ಮೇಲೆ ಅದರ ತುದಿಯಲ್ಲಿ ಕೂತವರು ಸ್ನೋಹೆಟ್ಟಾ ಆಗಲೇಬೇಕಲ್ಲ! ಶೆಟಿಲ್ ಥೋರ್ಸೆನ್, ಕ್ರೇಗ್ ಡೈಕರ್ಸ್ ಥರದ ದೊಡ್ಡ ಹೆಸರುಗಳು ಅಲ್ಲಿವೆ. ಆದರೂ ಬೋರ್ಡಿನ ಮೇಲೆ ಯಾರ ಹೆಸರೂ ಇಲ್ಲ, ಬೆಟ್ಟದ ಹೆಸರು ಮಾತ್ರ. ಕಟ್ಟಡ ಮಾಡುವವರು, ನೆಲ-ಗಿಡ-ಅಂಗಳ ನೋಡುವವರು ಮೊದಲಿನಿಂದಲೂ ಒಂದೇ ಕಡೆ ಕೂತು ಕೆಲಸ ಮಾಡುತ್ತಾರೆ. ನಮ್ಮಲ್ಲಿ ಕಟ್ಟಡ ಮುಗಿದ ಮೇಲೆ ನರ್ಸರಿಯವರನ್ನು ಕರೆಯುತ್ತೇವೆ, ಅಲ್ವಾ?

ನನ್ನನ್ನು ಹಿಡಿದು ನಿಲ್ಲಿಸಿದ್ದು ಓಸ್ಲೋ ಒಪೆರಾ ಹೌಸ್, ಹಾಡಿನಲ್ಲೇ ನಡೆಯುವ ನಾಟಕಗಳ ರಂಗಮಂದಿರ. 2008ರ ಏಪ್ರಿಲ್ 12ಕ್ಕೆ ಶುರುವಾಯಿತು. ಅದರ ಚಾವಣಿ ಸಮುದ್ರದ ನೀರಿನಿಂದಲೇ ಮೇಲೇಳುತ್ತದೆ. ಬಿಳಿ ಕಲ್ಲಿನ ಇಳಿಜಾರು. ನಡೆಯುತ್ತಾ ಹೋದರೆ ಕಟ್ಟಡದ ತಲೆ ಮೇಲೆ ಬಂದಿರುತ್ತೀರಿ. ಟಿಕೆಟ್ ಇಲ್ಲ. ಒಪೆರಾ ಅಂದರೇನು ಅಂತ ಗೊತ್ತಿಲ್ಲದವನೂ ಅಲ್ಲಿ ಕೂತು ಬುತ್ತಿ ಬಿಚ್ಚಬಹುದು.

ನನ್ನ ಪ್ರಶ್ನೆ ಇಷ್ಟೇ. ಇದು ಬರೀ ಫೋಟೋಗೆ ಚೆಂದವೋ, ನಿಜವಾಗಿ ಜನ ಬಳಸುತ್ತಾರೋ? ಕಣ್ಣಾರೆ ನೋಡಿದವರು ಹೇಳಿ.

ಓಸ್ಲೋ ಅಕ್ಕ · ಭಾನುವಾರ, ಬೆಳಗ್ಗೆ 11:15

ಹನ್ನೊಂದು ವರ್ಷದಿಂದ ಇಲ್ಲೇ ಇದ್ದೇನೆ. ಖಂಡಿತ ಬಳಸುತ್ತಾರೆ. ಸಂಜೆ ಸುಮ್ನೆ ಹೋಗಿ ಕೂರುವವರೇ ಜಾಸ್ತಿ.

ಹೋದ ಜೂನ್‌ನಲ್ಲಿ ಅಮ್ಮ ಬಂದಿದ್ದರು. ರಾತ್ರಿ ಹತ್ತಾದರೂ ಇಲ್ಲಿ ಬೆಳಕಿರುತ್ತೆ. ಕರೆದುಕೊಂಡು ಹೋದೆ. ಬಿಳಿ ಕಲ್ಲು ಶುರುವಾಗುವ ಕಡೆ ಅಮ್ಮ ನಿಂತುಬಿಟ್ಟರು. ನೋಡಿದರೆ ಚಪ್ಪಲಿ ಬಿಡುತ್ತಿದ್ದಾರೆ. ದೇವಸ್ಥಾನದ ಪ್ರಾಕಾರ ಇದ್ದ ಹಾಗಿದೆ, ಚಪ್ಪಲಿ ಹಾಕಿಕೊಂಡು ಹೇಗೆ ಹತ್ತಲಿ ಅಂದರು. ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ನೆರಿಗೆ ಸ್ವಲ್ಪ ಎತ್ತಿಕೊಂಡು ಹತ್ತಿದರು. ಅರ್ಧ ದಾರಿಯಲ್ಲಿ, "ಈ ಕಲ್ಲು ಒಂದೇ ಥರ ಇಲ್ಲ ಕಣೇ" ಅಂದರು. ಬೂಟು ಹಾಕಿಕೊಂಡು ಅಷ್ಟು ವರ್ಷ ಓಡಾಡಿದ ನನಗೆ ಅದು ಗೊತ್ತೇ ಆಗಿರಲಿಲ್ಲ! ನಾನೂ ಶೂ ಬಿಚ್ಚಿದೆ. ಹೌದು, ಒಂದು ಕಡೆ ನುಣುಪು, ಇನ್ನೊಂದು ಕಡೆ ತರಿತರಿ, ಅಲ್ಲಲ್ಲಿ ಸಣ್ಣ ಏರು. ಆಮೇಲೆ ಓದಿದೆ, ಆ ನೆಲವನ್ನು ರೂಪಿಸಿದ್ದು ಬ್ಲಿಸ್ಟಾದ್, ಗ್ರೂದೆ, ಸನ್ನೆಸ್ ಅನ್ನೋ ಮೂವರು ಕಲಾವಿದರು. ಕಾಲಿಗೆ ಮಾಡಿದ ಕಲೆ ಅದು.

ಮೇಲೆ ಹೋದ ಮೇಲೆ ಅಮ್ಮ ಕೇಳಿದ್ದು ಒಂದೇ ಮಾತು: "ಇಲ್ಲಿ ಕೂರೋದಕ್ಕೆ ಯಾರನ್ನ ಕೇಳಬೇಕು?"

ಯಾರನ್ನೂ ಕೇಳಬೇಕಿಲ್ಲ. ಆ ಮಾತು ನನ್ನ ತಲೆಯಲ್ಲಿ ಉಳಿದಿದೆ. ಈ ದೇಶದಲ್ಲಿ ಆಲೆಮಾನ್ಸ್‌ರೆಟ್ಟೆನ್ ಅಂತ ಒಂದು ಹಳೇ ಪದ್ಧತಿ ಇದೆ. ಪದಕ್ಕೆ ಅರ್ಥ ಎಲ್ಲರ ಹಕ್ಕು. ಬೆಟ್ಟ, ಕಾಡು, ಕಡಲ ತೀರ ಯಾರ ಹೆಸರಲ್ಲೇ ಇರಲಿ, ಬೇಸಾಯ ಮಾಡದ ನೆಲದಲ್ಲಿ ಯಾರು ಬೇಕಾದರೂ ನಡೆಯಬಹುದು. 1957ರಲ್ಲಿ ಅದು ಕಾನೂನೂ ಆಯಿತು. ಆ ಬೆಟ್ಟದ ಹಕ್ಕನ್ನೇ ಊರಿನ ನಡುವೆ ಚಾವಣಿ ಮೇಲೆ ತಂದ ಹಾಗಿದೆ ಇದು.

ರಂಗದ ಹಿಂದೆ · ಭಾನುವಾರ, ಮಧ್ಯಾಹ್ನ 2:30

ಅಕ್ಕಾ, ಅಮ್ಮನ ಚಪ್ಪಲಿ ಓದಿ ಕಣ್ಣು ತುಂಬಿತು.

ಎಲ್ಲರೂ ಚಾವಣಿ ಚಾವಣಿ ಅಂತಾರೆ. ನಾನು ನಾಟಕಕ್ಕೆ ಲೈಟಿಂಗ್ ಮಾಡುವವನು, ಒಳಗಿನ ಮಾತು ಸ್ವಲ್ಪ ಆಡುತ್ತೇನೆ. ಆ ಕಟ್ಟಡವನ್ನು ಅವರು ಮೂರು ಭಾಗ ಮಾಡಿ ಹೆಸರಿಟ್ಟಿದ್ದಾರೆ. ಒಂದು ಜಮಖಾನ, ಅದು ಹೊರಗಿನ ಬಿಳಿ ಇಳಿಜಾರು. ಇನ್ನೊಂದು ಅಲೆಗೋಡೆ. ಮೂರನೆಯದು ಕಾರ್ಖಾನೆ. ನನಗೆ ಪ್ರೀತಿ ಈ ಮೂರನೆಯದರ ಮೇಲೆ.

ಕಾರ್ಖಾನೆ ಅಂದರೆ ಸೆಟ್ ಕಟ್ಟುವವರು, ಬಟ್ಟೆ ಹೊಲಿಯುವವರು, ಬಣ್ಣ ಹಚ್ಚುವವರು ಕೆಲಸ ಮಾಡುವ ಕಡೆ. ಅಲ್ಲಿ ಗಾಜು ಹಾಕಿದ್ದಾರೆ. ರಸ್ತೆಯಲ್ಲಿ ಹೋಗುವವರು ನಿಂತು ಒಳಗೆ ನೋಡಬಹುದು. ಟೈಲರ್ ಕೈಗೆ ಹಗಲು ಬೆಳಕು ಬೀಳುತ್ತದೆ. ನಾನು ಮೂವತ್ತು ವರ್ಷ ಕೆಲಸ ಮಾಡಿದ ಒಂದು ರಂಗಮಂದಿರದಲ್ಲಿ ಮೇಕಪ್ ಕೋಣೆಗೆ ಕಿಟಕಿಯೇ ಇರಲಿಲ್ಲ. ಬೇಸಿಗೆಯಲ್ಲಿ ಪಾತ್ರಧಾರಿಯ ಬಣ್ಣ ವೇದಿಕೆಗೆ ಬರುವ ಮೊದಲೇ ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು. ಹಿಂದೆ ದುಡಿಯುವವರಿಗೂ ಕಿಟಕಿ ಬೇಕು ಅಂತ ಯೋಚಿಸಿದ ಆರ್ಕಿಟೆಕ್ಟ್ ನನ್ನ ಪಾಲಿಗೆ ದೊಡ್ಡವನು.

ಅಲೆಗೋಡೆ ಬಗ್ಗೆ ಹೇಳಲೇಬೇಕು. ಒಳಗೆ ಹೋದರೆ ಓಕ್ ಮರದ ಪಟ್ಟಿಗಳ ದೊಡ್ಡ ಗೋಡೆ ಬಾಗಿ ಬಾಗಿ ನಿಂತಿದೆ. ಅಷ್ಟು ತಿರುವು ಸಾಮಾನ್ಯ ಬಡಗಿಗಳಿಂದ ಆಗುವ ಕೆಲಸ ಅಲ್ಲ ಅಂತ ದೋಣಿ ಕಟ್ಟುವವರ ಕೈಯಲ್ಲಿ ಮಾಡಿಸಿದರು. ಆ ಗೋಡೆ ದಾಟಿದರೆ ಸುಮಾರು 1,360 ಆಸನದ ಸಭಾಂಗಣ, ಕುದುರೆ ಲಾಳದ ಆಕಾರ. ಹೊರಗೆ ಎಷ್ಟು ಬಿಳಿಯೋ ಒಳಗೆ ಅಷ್ಟು ಗಾಢ. ಓಕ್ ಮರಕ್ಕೆ ಅಮೋನಿಯಾ ಹಿಡಿಸಿ ಕಪ್ಪಾಗಿಸಿದ್ದಾರೆ. ಮೇಲೆ ದೀಪದ ಬಳೆ, ಅದರಲ್ಲಿ 5,800 ಹರಳು. ವೇದಿಕೆಯ ಅಡಿಭಾಗ ಕೆಲವು ಕಡೆ ನೀರಿನ ಮಟ್ಟಕ್ಕಿಂತ 16 ಮೀಟರ್ ಕೆಳಗಿದೆ. ಪಕ್ಕದಲ್ಲಿ ಸಮುದ್ರ, ಕೆಳಗೆ ಅಷ್ಟು ಆಳ. ಸೈಟ್ ಇಂಜಿನಿಯರ್ ಸಾಹೇಬ್ರು ಇದ್ದರೆ ಇದರ ಬಗ್ಗೆ ಹೇಳಲಿ.

ನಕ್ಷೆಗಾರ · ಭಾನುವಾರ, ಸಂಜೆ 6:05

ಅಕ್ಕಾ, ಅಣ್ಣಾ, ಇಬ್ಬರಿಗೂ ಧನ್ಯವಾದ. ಓದುತ್ತಾ ಓದುತ್ತಾ ಒಂದು ವಿಷಯ ಹೊಳೆಯಿತು. ಇದು ನಮ್ಮ ಜಗಲಿನೇ ಅಲ್ವಾ? ಮನೆ ಒಳಗೆ ಬರದವನೂ ಜಗಲಿ ಮೇಲೆ ಕೂತು ನೀರು ಕುಡಿದು ದಣಿವಾರಿಸಿಕೊಂಡು ಹೋಗುತ್ತಿದ್ದ. ಗ್ರಂಥಾಲಯದ ಮುಂದೆ ದೊಡ್ಡ ಜಗಲಿ ಮಾಡಿದರೆ ಹೇಗೆ?

ಕಲಬುರ್ಗಿ ಬಿಸಿಲು · ಭಾನುವಾರ, ರಾತ್ರಿ 8:50

ಸರ್, ನಿಮ್ಮ ಆಸೆ ಒಳ್ಳೆಯದು. ಆದರೆ ಜಗಲಿ ಮಾತು ಬಂತಲ್ಲ, ಅಲ್ಲಿ ನನಗೆ ತಡೆಯಲಾಗಲಿಲ್ಲ.

ಜಗಲಿ ಎಲ್ಲರದ್ದಾಗಿತ್ತು ಅಂತ ಹೇಳಬೇಡಿ. ನಮ್ಮ ಅಜ್ಜ ಯಾವ ಜಗಲಿ ಮೇಲೂ ಕೂತವರಲ್ಲ. ಅಂಗಳದ ಆಚೆ ನಿಂತು ಬೊಗಸೆ ಒಡ್ಡಿದರೆ ಮೇಲಿಂದ ನೀರು ಹೊಯ್ಯುತ್ತಿದ್ದರು. ಅದೇ ಜಗಲಿ, ಅದೇ ನೀರು. ಕೂರಿಸುವುದು ಬಿಡುವುದು ಯಜಮಾನನ ಮನಸ್ಸಿಗೆ ಬಿಟ್ಟದ್ದಾಗಿತ್ತು. ಅವನು ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಕ್ಕ ಹೇಳಿದ್ದು ಬೇರೆ ವಿಷಯ. ಅವರ ಅಮ್ಮ ಯಾರನ್ನ ಕೇಳಬೇಕು ಅಂದರಲ್ಲ, ನಮ್ಮ ಜನಕ್ಕೆ ಆ ಪ್ರಶ್ನೆ ರಕ್ತದಲ್ಲೇ ಇದೆ. ನಾರ್ವೆಯ ಬೆಟ್ಟ-ಕಾಡುಗಳಲ್ಲಿ ಅದಕ್ಕೆ ಉತ್ತರ ಕಾನೂನಿನಲ್ಲಿದೆ. ಯಾರ ಉಪಕಾರವೂ ಬೇಕಾಗಿಲ್ಲ. ನಿಮ್ಮ ಅರವತ್ತು ಅಡಿ ಜಾಗ ಹಾಗಿರಬೇಕು ಅಂತ ನನ್ನ ಆಸೆ.

ಇನ್ನೊಂದು ಮಾತು. ಒಪೆರಾ ಇರುವ ಬ್ಯೋರ್ವಿಕಾ ಮೊದಲು ಬಂದರಿನ ಜಾಗ, ಕಂಟೇನರು, ಹೆದ್ದಾರಿ. ಕಟ್ಟಡ ಬಂದ ಮೇಲೆ ಸುತ್ತ ಎತ್ತರದ ಆಫೀಸುಗಳು, ದುಬಾರಿ ಫ್ಲಾಟುಗಳು ಎದ್ದವು. ಚಾವಣಿ ಮೇಲೆ ಎಲ್ಲರೂ ಕೂರಬಹುದು ಸರಿ. ಪಕ್ಕದ ಮನೆ ಎಷ್ಟು ಜನಕ್ಕೆ ಎಟುಕುತ್ತದೆ? ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಓಸ್ಲೋ ಅಕ್ಕ · ಭಾನುವಾರ, ರಾತ್ರಿ 11:20

ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಬ್ಯೋರ್ವಿಕಾದಲ್ಲಿ ಮನೆ ತೆಗೆದುಕೊಳ್ಳುವುದು ನಮ್ಮಂಥವರ ಕೈಗೆ ಆಗೋ ಮಾತಲ್ಲ. ಒಪೆರಾದ ಹಿಂದೆ ಸಾಲಾಗಿ ನಿಂತ ಬಾರ್‌ಕೋಡ್ ಅನ್ನೋ ಎತ್ತರದ ಕಟ್ಟಡಗಳ ಮೇಲೆ ಇಲ್ಲಿನವರು ಬಹಳ ಜಗಳ ಆಡಿದ್ದಾರೆ. ಆದರೆ ಅದೇ ಕಡೆ 2020ರಲ್ಲಿ ಡೈಕ್ಮನ್ ಗ್ರಂಥಾಲಯವೂ ಬಂತು. ಅದು ಸ್ನೋಹೆಟ್ಟಾದವರದಲ್ಲ, ಬೇರೆ ಕಚೇರಿಗಳದ್ದು. ಶನಿವಾರ ಮಕ್ಕಳನ್ನು ಕರೆದುಕೊಂಡು ಅಲ್ಲಿಗೇ ಹೋಗುತ್ತೇನೆ. ಯಾವ ಯಾವ ದೇಶದ ತಾಯಂದಿರು ಅಲ್ಲಿ ಕೂತಿರುತ್ತಾರೆ! ಬಾಡಿಗೆ ಕಟ್ಟಲಾಗದ ಜಾಗದಲ್ಲಿ ಇಡೀ ದಿನ ಕೂರಬಹುದು. ಅದರಿಂದ ಫ್ಲಾಟಿನ ಬೆಲೆ ಇಳಿಯೋದಿಲ್ಲ, ಒಪ್ಪಿದೆ.

ಜಗಲಿ ಬಗ್ಗೆ ನೀವು ಬರೆದದ್ದನ್ನು ಮನೆಯವರಿಗೆ ಓದಿ ಹೇಳಿದೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಸೈಟ್ ಇಂಜಿನಿಯರ್ · ಸೋಮವಾರ, ಬೆಳಗ್ಗೆ 7:10

ಕರೆದಿದ್ದೀರಿ, ಬಂದೆ.

ಮೊದಲು ಕಲ್ಲಿನ ಮಾತು. ಆ ಬಿಳಿ ಕಲ್ಲು ಇಟಲಿಯ ಕರಾರಾದ ಅಮೃತಶಿಲೆ. ನಾರ್ವೆ ಅಂದರೆ ಗ್ರಾನೈಟಿನ ದೇಶ. ಮನೆಯಲ್ಲೇ ಕಲ್ಲಿರುವಾಗ ಇಟಲಿಯಿಂದ ಯಾಕೆ ತರಬೇಕು ಅಂತ ಅಲ್ಲಿ ದೊಡ್ಡ ಗಲಾಟೆಯೇ ಆಯಿತು. ಹಾಕಿದ ಸ್ವಲ್ಪ ದಿನಕ್ಕೆ ಕೆಲವು ಕಡೆ ಹಳದಿ ಬಣ್ಣ ಬೇರೆ ಕಾಣಿಸಿತು. ಅಮೃತಶಿಲೆ ನೀರು ಕುಡಿಯುವ ಕಲ್ಲು. ಉಪ್ಪು ಗಾಳಿ, ಹಿಮ, ಸಾವಿರಾರು ಜನರ ಬೂಟು, ಎಲ್ಲ ತಡೆಯಬೇಕು. ಬಿಳಿ ನೆಲ ಇಟ್ಟುಕೊಂಡವರು ಅದನ್ನು ತೊಳೆಯುವ ಖರ್ಚನ್ನೂ ಇಟ್ಟುಕೊಂಡಿರಬೇಕು.

ಎರಡನೆಯದು, ಬಿಳಿ ಮೇಲೆ ಬಿಳಿ. ಅಕ್ಕ ಹೇಳಿದ ಆ ಸಣ್ಣ ಏರುಗಳು ಬಿಸಿಲಲ್ಲಿ ಕಣ್ಣಿಗೆ ಸರಿಯಾಗಿ ಕಾಣೋದಿಲ್ಲ. ದೃಷ್ಟಿ ಮಂಜಾದವರಿಗೆ, ಗಾಲಿಕುರ್ಚಿಯವರಿಗೆ ಆ ಚಾವಣಿ ಸುಲಭದ ಜಾಗ ಅಲ್ಲ. ಎಲ್ಲರ ಹಕ್ಕು ಅಂದಮೇಲೆ ಅವರದ್ದೂ ಸೇರಬೇಕಲ್ಲ? ಅಷ್ಟು ಒಳ್ಳೆಯ ಕೆಲಸದಲ್ಲಿ ನನಗೆ ಚುಚ್ಚುವುದು ಇದೊಂದೇ.

ಖರ್ಚಿನ ವಿಷಯಕ್ಕೆ ಬಂದರೆ ಮೆಚ್ಚಲೇಬೇಕು. ಸುಮಾರು 440 ಕೋಟಿ ಕ್ರೋನರ್ (ನಾರ್ವೆಯ ಹಣ) ಅಂದಾಜು. ಮುಗಿಸುವಾಗ 30 ಕೋಟಿಯಷ್ಟು ಉಳಿಸಿದರು, ಅವಧಿಗಿಂತ ಮೊದಲೇ ಮುಗಿಸಿದರು. 1999ರಲ್ಲಿ ಸಂಸತ್ತು ತೀರ್ಮಾನ ಮಾಡಿತು, 2000ದಲ್ಲಿ ಸ್ಪರ್ಧೆ, 2003ರಲ್ಲಿ ಕೆಲಸ ಶುರು. ಸರ್ಕಾರಿ ಕೆಲಸದಲ್ಲಿ ಇಪ್ಪತ್ತೈದು ವರ್ಷ ಸವೆಸಿದ ನನಗೆ ಇದು ಹರಳಿನ ದೀಪಕ್ಕಿಂತ ದೊಡ್ಡ ಸುದ್ದಿ. 2009ರಲ್ಲಿ ಯುರೋಪಿನಲ್ಲಿ ಕಟ್ಟಡಗಳಿಗೆ ಕೊಡುವ ಮೀಸ್ ವಾನ್ ಡೆರ್ ರೋ ಪ್ರಶಸ್ತಿ ಸಿಕ್ಕಿತು. ಸಿಗಬೇಕಾದ್ದೇ.

ನೀರಿನ ಪಕ್ಕ ಆಳಕ್ಕೆ ಇಳಿಯುವುದು ಇವರಿಗೆ ಹೊಸದಲ್ಲ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಮೊದಲೇ ಮಾಡಿ ಕಲಿತಿದ್ದರು. ಅಲ್ಲಿ ಇವರು ಮಾಡಿದ ಗ್ರಂಥಾಲಯದ ಕೆಳ ಅಂತಸ್ತುಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ. ಸುತ್ತ ದುಂಡಗೆ, 160 ಮೀಟರ್ ಅಡ್ಡಳತೆಗೆ, ಡಯಾಫ್ರಂ ವಾಲ್, ಅಂದರೆ ನೆಲದೊಳಗಿನ ಕಾಂಕ್ರೀಟ್ ಗೋಡೆ, ಇಳಿಸಿ ಆಮೇಲೆ ಒಳಗಿನ ಮಣ್ಣು ತೆಗೆದರು. ದುಂಡಗಿದ್ದರೆ ಮಣ್ಣು, ನೀರು ಸುತ್ತಲಿಂದ ಒತ್ತಿದಷ್ಟೂ ಗೋಡೆ ಬಿಗಿಯಾಗುತ್ತದೆ. ಬಾವಿಗೆ ಕಲ್ಲು ಕಟ್ಟಿದ ಅಜ್ಜಂದಿರಿಗೆ ಇದು ಗೊತ್ತಿತ್ತು.

ಓದುಗಿ · ಸೋಮವಾರ, ಮಧ್ಯಾಹ್ನ 1:25

ಅಲೆಕ್ಸಾಂಡ್ರಿಯಾ ಅಂದಿರಲ್ಲ, ನನಗೆ ಸುಮ್ಮನಿರಲು ಆಗಲಿಲ್ಲ. ಗ್ರಂಥಪಾಲಕಿಯಾಗಿ ನಿವೃತ್ತಳಾದವಳು ನಾನು. ಕೂಡಿಟ್ಟ ದುಡ್ಡಲ್ಲಿ ಮಾಡಿದ ಒಂದೇ ಒಂದು ವಿದೇಶ ಪ್ರಯಾಣ ಅದು.

ಈ ಕಚೇರಿಗೆ ಹೆಸರು ತಂದ ಕೆಲಸವೇ ಅದು. ಹೊಸ ಹುಡುಗರ ಗುಂಪು 1989ರಲ್ಲಿ ಲೋಕದ ಎಲ್ಲ ಕಡೆಯವರ ಜೊತೆ ಸ್ಪರ್ಧಿಸಿ ಗೆದ್ದಿತು. ಕಟ್ಟಿ ಮುಗಿದು 2002ರ ಅಕ್ಟೋಬರ್ 16ಕ್ಕೆ ಉದ್ಘಾಟನೆ. ಸಮುದ್ರದ ಕಡೆ ವಾಲಿದ ದೊಡ್ಡ ತಟ್ಟೆಯಂಥ ಚಾವಣಿ. ಅದರಲ್ಲಿ ಕಣ್ಣಿನ ರೆಪ್ಪೆಯ ಆಕಾರದ ಬೆಳಕಿಂಡಿಗಳು. ನೇರ ಬಿಸಿಲು ಪುಸ್ತಕಕ್ಕೆ ತಾಗಬಾರದು, ಓದುವವರಿಗೆ ಬೆಳಕು ಬೇಕು. ನಮ್ಮ ವೃತ್ತಿಯ ಹಳೇ ತಾಪತ್ರಯ ಅದು. ನಾನು ಕೆಲಸ ಮಾಡಿದ ಕಡೆ ಪಡುವಣ ಕಿಟಕಿಯ ಪಕ್ಕದ ಕಪಾಟಿನ ಪುಸ್ತಕಗಳ ಬೆನ್ನು ಎಲ್ಲ ಬಿಳಿಚಿಕೊಂಡಿದ್ದವು. ಹಳೇ ಪರದೆ ತಂದು ಕಟ್ಟಿದ್ದೆ. ಅಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಓದುವ ಕೋಣೆಯ ಮೇಲಿನ ಅಂತಸ್ತಲ್ಲಿ ನಿಂತೆ. ಕೆಳಗೆ ನೂರಾರು ತಲೆ ಬಗ್ಗಿಸಿ ಓದುತ್ತಿದ್ದರು. ಒಂದು ಪುಟದ ಮೇಲೂ ಬಿಸಿಲಿನ ಚೂರು ಇರಲಿಲ್ಲ.

ಹೊರಗೆ ಆಸ್ವಾನ್ ಗ್ರಾನೈಟಿನ ಗೋಡೆ, ಬೂದು ಬಣ್ಣ. ಲೋಕದ 120 ಲಿಪಿಗಳ ಅಕ್ಷರಗಳನ್ನು ಅದರಲ್ಲಿ ಕೆತ್ತಿದ್ದಾರೆ. ವಾಕ್ಯ ಇಲ್ಲ, ಬರೀ ಅಕ್ಷರ. ಒಬ್ಬ ಹುಡುಗ ಬೆರಳಿಟ್ಟು ಒಂದು ಅಕ್ಷರವನ್ನು ತಿದ್ದುತ್ತಿದ್ದ, ಮರಳಲ್ಲಿ ತಿದ್ದಿಸುತ್ತಾರಲ್ಲ ಹಾಗೆ.

ಕುಂದೂ ಹೇಳಿಬಿಡುತ್ತೇನೆ. ಸುಮಾರು 22 ಕೋಟಿ ಡಾಲರ್ ಸುರಿದು ಕಟ್ಟಿದರು. 80 ಲಕ್ಷ ಪುಸ್ತಕ ಹಿಡಿಯುವ ಜಾಗದಲ್ಲಿ ಶುರುವಿಗೆ ಕಪಾಟುಗಳು ಬಹುಪಾಲು ಖಾಲಿ ಇದ್ದವು. ಗೋಡೆಗೆ ದುಡ್ಡು ಸಿಗುತ್ತದೆ, ಪುಸ್ತಕಕ್ಕೆ ಸಿಗೋದಿಲ್ಲ. 2010ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ 5 ಲಕ್ಷ ಪುಸ್ತಕ ಕೊಟ್ಟಿತು. ಒಳಗೆ ಹೋಗಲು ಅಲ್ಲಿ ಟಿಕೆಟ್ ಉಂಟು. ಗೋಡೆ ಮುಟ್ಟಲು ಇಲ್ಲ.

2011ರ ಜನವರಿಯಲ್ಲಿ ಈಜಿಪ್ಟಲ್ಲಿ ಜನ ಬೀದಿಗಿಳಿದಾಗ ಪೊಲೀಸರು ಇರಲಿಲ್ಲ. ಆಗ ಊರಿನ ಹುಡುಗರು, ಹುಡುಗಿಯರು ಕೈ ಕೈ ಹಿಡಿದು ಗ್ರಂಥಾಲಯದ ಸುತ್ತ ನಿಂತು ಕಾದರು. ಕಟ್ಟಡಕ್ಕೆ ಏನೂ ಆಗಲಿಲ್ಲ. ನಕ್ಷೆಗಾರರೇ, ನಿಮಗೆ ಕಾಂಪೌಂಡ್ ಬೇಕು ಅನ್ನುವವರಿಗೆ ಈ ಕಥೆ ಹೇಳಿ.

ಕ್ಯಾಲ್ಗರಿ ಕನ್ನಡಿಗ · ಸೋಮವಾರ, ರಾತ್ರಿ 10:00

ಕೆನಡಾದ ನಮ್ಮೂರ ಸೆಂಟ್ರಲ್ ಲೈಬ್ರರಿಯೂ ಇವರದ್ದೇ, ಡೈಲಾಗ್ ಅನ್ನೋ ಇಲ್ಲಿನ ಕಚೇರಿ ಜೊತೆ ಸೇರಿ ಮಾಡಿದ್ದು. 2018ರ ನವೆಂಬರ್‌ನಲ್ಲಿ ಶುರುವಾಯಿತು. ಜಾಗದ ನಡುವೆ ರೈಲು ಹಾದುಹೋಗುತ್ತಿತ್ತು. ರೈಲನ್ನು ಅಲ್ಲಾಡಿಸದೆ ಅದರ ಮೇಲೆಯೇ ಕಟ್ಟಿದರು. ಕೆಳಗೆ ನಡೆದು ಹೋಗಲು ಮರದ ಹಲಗೆ ಹೊದಿಸಿದ ಕಮಾನು ಇದೆ. ಮೈನಸ್ ಇಪ್ಪತ್ತರಲ್ಲೂ ಆ ಕಮಾನಿನ ಕೆಳಗೆ ನಿಂತರೆ ಬೆಚ್ಚಗಿದೆ ಅನ್ನಿಸುತ್ತೆ, ಮರದ ಬಣ್ಣಕ್ಕೇ ಇರಬೇಕು.

ಕೆಳಗಿನ ಅಂತಸ್ತಲ್ಲಿ ಗಲಾಟೆ, ಮೇಲೆ ಹೋದ ಹಾಗೆ ಮೌನ. ಗಲಾಟೆ ಮಾಡಬೇಡಿ ಅಂತ ಬೋರ್ಡ್ ಹಾಕುವ ಬದಲು ಗಲಾಟೆಗೂ ಒಂದು ಮಹಡಿ ಕೊಟ್ಟಿದ್ದಾರೆ. ನನ್ನ ಮಗಳು ಕೆಳಗೆ, ನಾನು ಮೇಲೆ. ನಕ್ಷೆಗಾರ ಸರ್, ನಿಮ್ಮ ಹೊರಗಿನ ಜಾಗ ಆ ಗಲಾಟೆಯ ಮಹಡಿ ಆಗಬಹುದಲ್ವಾ?

ನಕ್ಷೆಗಾರ · ಮಂಗಳವಾರ, ರಾತ್ರಿ 9:15

ಮೂರು ದಿನದಲ್ಲಿ ಎಷ್ಟು ಕೊಟ್ಟಿರಿ ನೀವೆಲ್ಲ! ನಕ್ಷೆ ಮತ್ತೆ ಹಾಕಿದೆ.

ಕಲಬುರ್ಗಿಯವರೇ, ಜಗಲಿ ಅನ್ನೋ ಪದ ತೆಗೆದಿದ್ದೇನೆ. ಮನವಿ ಪತ್ರದಲ್ಲಿ "ಸಾರ್ವಜನಿಕರಿಗೆ ಕೂರಲು ಅವಕಾಶ ಕೊಡಲಾಗುವುದು" ಅಂತ ಬರೆದಿದ್ದೆ. ಅದನ್ನು ಹೊಡೆದು "ಈ ಜಾಗ ಯಾವ ಹೊತ್ತಿನಲ್ಲೂ ಎಲ್ಲರದ್ದು, ಗೇಟ್ ಇರುವುದಿಲ್ಲ" ಅಂತ ಬರೆದೆ. ಗ್ರಂಥಾಲಯದ ಬಾಗಿಲಿಗೆ ಮಾತ್ರ ಬೀಗ. ರಸ್ತೆಯಿಂದ ಬಾಗಿಲವರೆಗೆ ಒಂದೇ ಇಳಿಜಾರು, ಪಕ್ಕದಲ್ಲಿ ಒಂದೂವರೆ ಅಡಿ ಎತ್ತರದ ಮೂರು ಉದ್ದನೆಯ ಕಟ್ಟೆ. ಪುಸ್ತಕಕ್ಕೆ ಬೈಂಡ್ ಹಾಕುವವರ ಕೋಣೆಯನ್ನು ಹಿಂದಿನಿಂದ ಮುಂದಕ್ಕೆ ತಂದು ಕಿಟಕಿ ಇಟ್ಟಿದ್ದೇನೆ, ರಂಗದ ಅಣ್ಣನ ಮಾತಿಗೆ. ಪಡುವಣ ಗೋಡೆಗೆ ಕಿಟಕಿ ಇಲ್ಲ ಓದುಗಿ ಅಮ್ಮ, ಬೆಳಕು ಬಡಗಣದಿಂದ.

ಒಂದು ಪ್ರಶ್ನೆ ಉಳಿದಿದೆ. ನೆಲಕ್ಕೆ ಸಾದರಹಳ್ಳಿ ಕಲ್ಲು ಹಾಕೋಣ ಅಂತಿದ್ದೇನೆ. ಪಾಲಿಶ್ ಬೇಡ, ಮಳೆಯಲ್ಲಿ ಜಾರುತ್ತದೆ. ಏನು ಫಿನಿಶ್ ಮಾಡಿಸಲಿ?

ಸೈಟ್ ಇಂಜಿನಿಯರ್ · ಬುಧವಾರ, ಬೆಳಗ್ಗೆ 6:50

ಇಳಿಜಾರಿಗೆ ಬುಷ್ ಹ್ಯಾಮರ್ (ಹಲ್ಲಿನ ಸುತ್ತಿಗೆಯಿಂದ ಕುಟ್ಟಿ ತರಿತರಿ) ಮಾಡಿಸಿ, ಕಟ್ಟೆ ಮೇಲೆ ಮಾತ್ರ ಸ್ವಲ್ಪ ನುಣುಪು ಇರಲಿ, ಬಟ್ಟೆ ಹಿಡಿಯಬಾರದು. ಇಳಿಜಾರು ಹನ್ನೆರಡು ಅಡಿಗೆ ಒಂದು ಅಡಿಗಿಂತ ಜಾಸ್ತಿ ಏರಬಾರದು. ಕಟ್ಟೆಯ ಅಂಚು, ಮೆಟ್ಟಿಲಿನ ಅಂಚು, ಇಳಿಜಾರು ಶುರುವಾಗುವ ಕಡೆ, ಮೂರಕ್ಕೂ ನಾಲ್ಕು ಇಂಚಿನ ಕಪ್ಪು ಕಲ್ಲಿನ ಪಟ್ಟಿ ಕೂರಿಸಿ. ಚಾಮರಾಜನಗರದ ಕಪ್ಪು ಸಿಕ್ಕಿದರೆ ಒಳ್ಳೆಯದು. ಬೂದು ಕಲ್ಲಿನ ಪಕ್ಕ ಅದು ಮುಸ್ಸಂಜೆಯಲ್ಲೂ ಎದ್ದು ಕಾಣುತ್ತದೆ. ಕಲ್ಲು ಆರಿಸುವ ದಿನ ಹೇಳಿ, ನಾನೂ ಬರುತ್ತೇನೆ.